ಖಾಲಿ ಪಂಜರದ ಮುಸುಕು

ಬೆಳಗಿನಿಂದ ಹೆಣ್ಣುಹಕ್ಕಿ ಹದಿನೇಳು ಸಲ ಬಂದುಹೋಗಿತ್ತು. ಹದಿನೆಂಟನೆಯ ಸಲ ತಡವಾಯಿತು. ವರ್ಸಿತಿ ಕೈಯಲ್ಲಿದ್ದ ಬಾಳೆ ಎಲೆಯನ್ನು ಹಾಗೆಯೇ ಹಿಡಿದುಕೊಂಡು ಅಡುಗೆಮನೆಯ ಬಿದಿರು ತಟ್ಟಿಯ ಸಂದಿಗೆ ಕಣ್ಣಿಟ್ಟು ಕೂತಳು. ಹಿತ್ತಿಲಿನ ತುದಿಯಲ್ಲಿ ಸಿಡಿಲು ಬಡಿದು ತಲೆ ಕಳೆದುಕೊಂಡ ತೆಂಗಿನ ಮೋಟು. ಅದರಲ್ಲಿ ಎರಡಾಳೆತ್ತರಕ್ಕೆ, ಮರಕುಟಿಗ ಎಂದೋ ಕೊರೆದು ಬಿಟ್ಟುಹೋದ ಪೊಟರೆ. ಪೊಟರೆಯೊಳಗೆ ಒಂಬತ್ತು ದಿನದ ಮರಿಗಳು. ಎಷ್ಟು ಮರಿ ಎಂದು ಅವಳಿಗೆ ಗೊತ್ತಿಲ್ಲ. ಒಮ್ಮೆಯೂ ಹತ್ತಿರ ಹೋಗಿ ಇಣುಕಿದವಳಲ್ಲ.

ತಾಯಿಹಕ್ಕಿ ಮೊಟ್ಟೆಯ ಸಿಪ್ಪೆ ಕಚ್ಚಿಕೊಂಡು ಹೊರಗೆ ಹಾರಿದ ದಿನದಿಂದ ಅವಳ ಲೆಕ್ಕ ಶುರುವಾಗಿತ್ತು. ಹದಿನೈದೋ ಹದಿನಾರೋ ದಿನಕ್ಕೆ ಮರಿಗಳು ಹಾರುತ್ತವೆ. ಅಲ್ಲಿಯವರೆಗೆ ಬಾವಿಗೆ ಹೋಗಲು ಮನೆ ಸುತ್ತಿಕೊಂಡು ಹೋಗುತ್ತಾಳೆ, ಬಟ್ಟೆ ಒಣಹಾಕುವ ಹಗ್ಗವನ್ನು ಮುಂದಿನಂಗಳಕ್ಕೆ ಕಟ್ಟಿಕೊಂಡಿದ್ದಾಳೆ, ಕೋಳಿಗಳನ್ನು ಬುಟ್ಟಿಯಡಿ ಕವುಚಿದ್ದಾಳೆ. ಮೋಟಿನ ಕಡೆ ನೆಟ್ಟಗೆ ನೋಡುವುದೂ ಇಲ್ಲ. ಕಣ್ಣು ಕಣ್ಣು ಸೇರಿದರೆ ತಾಯಿಹಕ್ಕಿ ಹುಳ ಕಚ್ಚಿಕೊಂಡು ಕರೆಂಟಿನ ತಂತಿಯ ಮೇಲೆಯೇ ಕೂತುಬಿಡುತ್ತದೆ, ಗೂಡಿಗೆ ಹೋಗುವುದಿಲ್ಲ. ಬೇಯಿಸಿದ ಸೋಯಾ ಕಾಳನ್ನು ಎಲೆಯಲ್ಲಿ ಕಟ್ಟಿ ಹುದುಗಿಸಿ ತೆಂಪೆ ಮಾಡಿ ಮಾರುವ ಹೆಂಗಸು ಅವಳು. ಅವಳ ಕೆಲಸವೆಲ್ಲ ಕೂತಲ್ಲೇ. ಕೈ ಎಲೆ ಮಡಿಸುತ್ತದೆ, ಕಣ್ಣು ಸಂದಿಯಲ್ಲಿರುತ್ತದೆ.

ಬೇರೆ ಊರಿನಲ್ಲಾಗಿದ್ದರೆ ಇದಕ್ಕೆಲ್ಲ ಇಷ್ಟು ಜೀವ ಕೈಯಲ್ಲಿ ಹಿಡಿದುಕೊಳ್ಳಬೇಕಿರಲಿಲ್ಲ. ಲಾವು ಬೆಟ್ಟದ ಬುಡದ ಈ ಊರಿಗೆ ಮಾತ್ರ ಹಕ್ಕಿಯ ಹುಚ್ಚು. ಮನೆ, ಹೆಂಡತಿ, ಒಂದು ಹಾಡುವ ಹಕ್ಕಿ, ಇಷ್ಟಿದ್ದರೆ ಗಂಡಸು ಗಂಡಸು ಎನ್ನುವ ಜನ. ಹೆಂಡತಿಗೆ ಜ್ವರ ಬಂದರೆ ಕಷಾಯ ಸಾಕು, ಹಕ್ಕಿ ಸೀನಿದರೆ ಪೇಟೆಗೆ ಓಟ. ಹಾಡಿನ ಪಂದ್ಯದಲ್ಲಿ ಗೆದ್ದ ಹಕ್ಕಿಯ ಹೆಸರಿನಿಂದಲೇ ಮನೆಯ ಯಜಮಾನನನ್ನು ಕರೆಯುತ್ತಾರೆ. ಅದರಲ್ಲೂ ಕಚೆರ್ ಹಕ್ಕಿ ಎಂದರೆ ಪ್ರಾಣ. ಕನ್ನಡದಲ್ಲಿ ಮಡಿವಾಳ ಎನ್ನುವುದು ಇದನ್ನೇ. ಪ್ರೀತಿ ಇಷ್ಟು ಹೆಚ್ಚಾದದ್ದಕ್ಕೇ ಕಾಡಿನಲ್ಲಿ, ತೋಟದಲ್ಲಿ, ಸ್ಮಶಾನದ ಮರದಲ್ಲಿ ಒಂದೂ ಉಳಿದಿರಲಿಲ್ಲ. ಹಾಡು ಕೇಳಿಸಿತೆಂದರೆ ಜನ ಮರ ನೋಡುವುದಿಲ್ಲ, ಯಾರ ಮನೆಯ ಸೂರಿನಲ್ಲಿ ಪಂಜರ ಇದೆ ಎಂದು ನೋಡುತ್ತಾರೆ.

ವರ್ಸಿತಿಗೆ ದಾರಿ ಹೊಳೆದದ್ದು ಅದರಿಂದಲೇ. ಗೂಡು ಕಟ್ಟಿದ ಗಂಡುಹಕ್ಕಿ ಸುಮ್ಮನಿರುವ ಜಾತಿಯಲ್ಲ. ಬೆಳಕು ಹರಿಯುವ ಮುಂಚೆ ಮೋಟಿನ ತುದಿಯಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಹಾಡುತ್ತದೆ. ಅದರ ಬಾಯಿ ಮುಚ್ಚಿಸುವವರು ಯಾರು? ಅವಳು ಅಟ್ಟದಿಂದ ಸತ್ತ ಗಂಡ ಪರ್ಡಿಯ ಹಳೆಯ ಪಂಜರ ಇಳಿಸಿದಳು, ಅದರ ನೀಲಿ ಮುಸುಕು ಹಾಕಿದಳು, ಅಡುಗೆಮನೆಯ ಹಿಂಬದಿಯ ಸೂರಿಗೆ ನೇತುಹಾಕಿದಳು. ಒಳಗೆ ಏನೂ ಇಲ್ಲ. ಓಣಿಯವರು ಕೇಳಿದರು, ಪಂಜರ ನೋಡಿದರು, "ಓ, ಪರ್ಡಿಯ ಹೆಂಡ್ತಿ ಹಕ್ಕಿ ಸಾಕಿದಾಳೆ" ಅಂದುಕೊಂಡು ಹೋದರು. ಮುಸುಕು ಹಾಕಿದ ಪಂಜರವನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದು ಅವಳನ್ನು ಕೇಳಿದರೆ ಹೇಳುತ್ತಿರಲಿಲ್ಲ. ಅವಳ ಅಪ್ಪ ಹಕ್ಕಿ ಹಿಡಿಯುವವನು. ಪೊಟರೆಗಳ ಬಾಯಿ ಚಿಕ್ಕದು, ಅಪ್ಪನ ಕೈ ದೊಡ್ಡದು. ಏಳು ವರ್ಷದ ವರ್ಸಿತಿಯನ್ನು ಹೆಗಲ ಮೇಲೆ ನಿಲ್ಲಿಸಿಕೊಂಡು ಅವಳ ಕೈಯಿಂದಲೇ ಮರಿ ತೆಗೆಸುತ್ತಿದ್ದ. ಬೆಚ್ಚಗಿನ ಮರಿಗಳು ಬೆರಳನ್ನು ತಾಯಿಯೆಂದುಕೊಂಡು ಬಾಯಿ ತೆರೆಯುತ್ತಿದ್ದವು. ಚಗಳಿ ಇರುವೆಯ ಮೊಟ್ಟೆ ತಿನ್ನಿಸಿದರೂ ಹತ್ತರಲ್ಲಿ ಏಳು ಸಾಯುತ್ತಿದ್ದವು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ತಾಯಿಹಕ್ಕಿ ಮೂರು ದಿನ ಹುಳ ಕಚ್ಚಿಕೊಂಡು ಬರಿದಾದ ಪೊಟರೆಗೆ ಬರುತ್ತಲೇ ಇರುತ್ತಿತ್ತು. ಆ ಪಾಪ ತನ್ನ ಕೈಯದು ಎಂಬುದನ್ನು ವರ್ಸಿತಿ ಐವತ್ತನಾಲ್ಕರ ವಯಸ್ಸಿನಲ್ಲೂ ಮರೆತಿಲ್ಲ. ಈ ಒಂದು ಗೂಡಿನ ಮರಿಗಳಾದರೂ ಹಾರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಹದಿನೆಂಟನೆಯ ಸಲ ತಾಯಿಹಕ್ಕಿ ಬಂದದ್ದನ್ನು ಅವಳು ನೋಡಲಿಲ್ಲ. ಆ ಹೊತ್ತಿಗೆ ಸರಿಯಾಗಿ ಬೆನ್ನ ಹಿಂದೆ ದನಿ ಕೇಳಿತು.

"ಬುಲಿಕ್, ನಿಮ್ಮಂಥ ಮೋಸಗಾತಿನ ನಾನು ನೋಡೇ ಇಲ್ಲ!"

ಬಾಗಿಲಲ್ಲಿ ತರ್ಮುಜಿ ನಿಂತಿದ್ದ. ಪಕ್ಕದ ಮನೆಯವನು, ಮೋಟರ್‌ಸೈಕಲ್ ರಿಪೇರಿಯವನು. ಅವಳನ್ನು ಬುಲಿಕ್, ಚಿಕ್ಕಮ್ಮ ಎಂದು ಕರೆಯುತ್ತ ಬೆಳೆದವನು. ಅವನ ಕಚೆರ್ ಹಕ್ಕಿ ಲಹರ್ ಹೋದ ವರ್ಷ ಪಂದ್ಯದಲ್ಲಿ ಒಂದು ಆಡು ಗೆದ್ದ ಮೇಲೆ ಅವನ ಕಾಲು ನೆಲದ ಮೇಲೆ ಇರಲಿಲ್ಲ.

"ಏನಪ್ಪಾ ಮೋಸ?" ಅಂದಳು ವರ್ಸಿತಿ.

"ಪರ್ಡಿ ಚಿಕ್ಕಪ್ಪ ಹೋದಾಗ ನಾಲ್ಕು ಹಕ್ಕೀನೂ ನಂಗೇ ಕೊಟ್ರಿ. 'ಎಲ್ಲಾ ನೀನೇ ತಗೋ ಮುಜಿ, ನಂಗ್ಯಾಕೆ' ಅಂದ್ರಿ. ಈಗ ನೋಡಿದ್ರೆ ಚಿನ್ನದಂಥದ್ದನ್ನ ಮುಚ್ಚಿಟ್ಕೊಂಡಿದೀರ. ಎರಡು ವಾರದಿಂದ ಕೇಳ್ತಾ ಇದೀನಿ ನಾನು. ಅದರ ಗಂಟಲು ಏನು, ಆ ತಿರುವು ಏನು! ನಮ್ಮ ಲಹರ್ ಅದನ್ನ ಕೇಳಿ ಕಾಳು ಬಿಟ್ಟು ಕೂತಿದಾನೆ."

"ಅದು... ನಮ್ಮ ಅಣ್ಣನ ಮಗ ತಂದುಕೊಟ್ಟಿದ್ದು."

"ಒಂದ್ಸಲ ಮುಸುಕು ಎತ್ತಿ ತೋರ್ಸಿ."

"ಬೇಡ ಬೇಡ. ಅದು ಗರಿ ಉದುರಿಸ್ತಾ ಇದೆ. ಈಗ ನೋಡಬಾರದು."

ತರ್ಮುಜಿಯ ಹುಬ್ಬು ಮೇಲೇರಿದ್ದನ್ನು ನೋಡಿದ ಮೇಲೆಯೇ ವರ್ಸಿತಿಗೆ ತನ್ನ ತಪ್ಪು ತಿಳಿದದ್ದು. ಮೂವತ್ತು ವರ್ಷ ಹಕ್ಕಿಯವನ ಹೆಂಡತಿಯಾಗಿದ್ದವಳು ಆಡುವ ಮಾತೇ ಅದು? ಗರಿ ಉದುರಿಸುವ ಹಕ್ಕಿ ಮುಸುಕಿನೊಳಗೆ ಇರುವುದು ನಿಜ. ಆದರೆ ಗರಿ ಉದುರಿಸುವ ಹಕ್ಕಿ ಹಾಡುವುದಿಲ್ಲ. ಈ ಊರಿನ ಹಾಲುಗಲ್ಲದ ಮಗುವಿಗೂ ಅದು ಗೊತ್ತು.

"ಗರಿ ಉದುರಿಸ್ಕೊಂಡು ಇಷ್ಟು ಜೋರಾಗಿ ಹಾಡುತ್ತಾ?" ಅಂದ ತರ್ಮುಜಿ ನಿಧಾನವಾಗಿ. "ಹಂಗಾದ್ರೆ ಗರಿ ಬಂದ ಮೇಲೆ ಬೆಟ್ಟಾನೇ ನಡುಗಿಸುತ್ತೆ ಬಿಡಿ."

"ಈಗ ತಾನೇ ಶುರುವಾಗಿದೆ ಅಂದೆ, ಒಂದೆರಡು ಗರಿ. ನಿಂಗೆ ತೆಂಪೆ ಬೇಕಾ ಬೇಡ್ವಾ?"

"ಬೇಕು, ಎಂಟು ಕಟ್ಟು. ವೆನಿಂಗ್ ಕಳ್ಸಿದ್ಲು. ಅವಳಿಗೆ ಈಗ ಅದೊಂದೇ ಬೇಕಂತೆ, ಅನ್ನಾನೂ ಬೇಡ, ಗಂಡಾನೂ ಬೇಡ." ಕಟ್ಟು ತೆಗೆದುಕೊಂಡವನು ಬಾಗಿಲಲ್ಲಿ ತಿರುಗಿ ನಿಂತ. "ಭಾನುವಾರ ಲಹರ್‌ನ ತರ್ತೀನಿ ಬುಲಿಕ್. ಅಕ್ಕಪಕ್ಕ ತೂಗುಹಾಕೋಣ. ಹತ್ತೇ ನಿಮಿಷ. ಯಾರ ಗಂಟಲು ದೊಡ್ಡದು ಅಂತ ನೋಡಿಬಿಡೋಣ."

"ತರಬೇಡ ಮುಜಿ. ಬೇಡ ಅಂದ್ರೆ ಬೇಡ."

"ಹೆದರ್ಕೊಂಡ್ರಾ?" ಎಂದು ನಕ್ಕು ಹೋದ.

ಮುಂದಿನ ಮೂರು ದಿನ ವರ್ಸಿತಿ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದಳು. ಎರಡು ಕಚೆರ್ ಗಂಡುಗಳನ್ನು ಎದುರುಬದುರು ಇಟ್ಟರೆ ಏನಾಗುತ್ತದೆ ಎಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ತನ್ನ ಗೂಡಿನ ಬಳಿ ಇನ್ನೊಂದು ಗಂಡಿನ ದನಿ ಕೇಳಿದರೆ ಹೊರಗಿನದು ಊಟ, ಮರಿ, ಹೆಂಡತಿ ಎಲ್ಲ ಮರೆತು ಮೈಮೇಲೆ ಬೀಳುತ್ತದೆ. ಅದನ್ನೇ ನೆಚ್ಚಿಕೊಂಡು ಅವಳ ಅಪ್ಪ ಅಂಟು ಬಳಿದ ಕಡ್ಡಿ ನೆಡುತ್ತಿದ್ದ. ಮರಿಗಳಿಗಂತೂ ಈಗ ಇನ್ನೂ ಅಪಾಯ. ರೆಕ್ಕೆ ಅರ್ಧ ಬಂದ ಮರಿಗಳು ಪೊಟರೆಯ ಬಾಯಲ್ಲಿ ಗಲಾಟೆಯಾದರೆ ಗಾಬರಿಗೆ ಹೊರಕ್ಕೆ ಹಾರಿಬಿಡುತ್ತವೆ. ಹಾರಲು ಬಾರದ ಮರಿ ನೆಲಕ್ಕೆ ಬಿದ್ದರೆ ಓಣಿಯಲ್ಲಿ ಏಳು ಬೆಕ್ಕುಗಳಿವೆ.

ಭಾನುವಾರವೇ ಲೆಗಿ ಸಂತೆಯೂ ಬಿತ್ತು, ಐದು ದಿನಕ್ಕೊಮ್ಮೆ ಬರುವ ಸಂತೆ. ಹುದುಗಿದ ತೆಂಪೆ ಯಾರ ದಾರಿಯನ್ನೂ ಕಾಯುವುದಿಲ್ಲ, ಇವತ್ತು ಮಾರದಿದ್ದರೆ ನಾಳೆ ಹಂದಿಯೂ ಮೂಸುವುದಿಲ್ಲ. ಅವಳು ಬೆಳಕು ಹರಿಯುವ ಮುಂಚೆ ಹೋಗಿ ಬೇಗ ಬರುವುದೆಂದು ಬುಟ್ಟಿ ಹೊತ್ತಳು. ಸಂತೆಯಲ್ಲಿ ಗಿರಾಕಿಗೆ ಎರಡೆರಡು ಸಲ ಚಿಲ್ಲರೆ ಕೊಟ್ಟಳು, ಬೈಸಿಕೊಂಡಳು. ಕೊನೆಗೆ ಉಳಿದ ಹನ್ನೆರಡು ಕಟ್ಟನ್ನು ಪಕ್ಕದ ಮುದುಕಿಗೆ ಒಪ್ಪಿಸಿ ಎದ್ದೇಬಿಟ್ಟಳು.

ಓಣಿಯ ತಿರುವಿನಲ್ಲೇ ಕೇಳಿಸಿತು. ಅದು ಹಾಡಲ್ಲ, ಕಿರುಚಾಟ.

ಬುಟ್ಟಿ ಬಿಸಾಕಿ ಹಿತ್ತಿಲಿಗೆ ಓಡಿದಳು. ಸೂರಿನಲ್ಲಿ ಅವಳ ಪಂಜರದ ಪಕ್ಕ ತರ್ಮುಜಿಯ ಕೆಂಪು ಪಂಜರ ತೂಗುತ್ತಿತ್ತು. ಅದರ ಸಲಾಕೆಗೆ ಹೊರಗಿನಿಂದ ಗಂಡುಹಕ್ಕಿ ಉಗುರು ಸಿಕ್ಕಿಸಿಕೊಂಡು ಜೋತುಬಿದ್ದಿತ್ತು. ಒಳಗಿನ ಲಹರ್ ಕುಕ್ಕುತ್ತಿದ್ದ, ಹೊರಗಿನದು ಕುಕ್ಕುತ್ತಿತ್ತು. ಕರಿಗರಿಗಳು ಉದುರಿ ನೆಲಕ್ಕೆ ಬೀಳುತ್ತಿದ್ದವು. ತಾಯಿಹಕ್ಕಿ ಬಾವಿಯ ಕಂಬದಿಂದ ತಂತಿಗೆ, ತಂತಿಯಿಂದ ಕಂಬಕ್ಕೆ ಹಾರುತ್ತ ಗಂಟಲು ಹರಿಯುವಂತೆ ಕೂಗುತ್ತಿತ್ತು. ಅದರ ಕೊಕ್ಕಿನಲ್ಲಿ ಹುಳವಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಸುಮ್ಮನೆ ಹೇಳುತ್ತಾರೆಯೇ?

ತರ್ಮುಜಿ ಪಂಜರದ ನೀಲಿ ಮುಸುಕನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಖಾಲಿ ಪಂಜರದ ನೀರಿನ ಬಟ್ಟಲಿನಲ್ಲಿ ಜೇಡರ ಬಲೆ.

"ಮುಚ್ಚೋ ಅದನ್ನ!" ಎಂದು ಕಿರುಚಿದ ವರ್ಸಿತಿ ಅವನ ಕೈಯಿಂದ ಮುಸುಕು ಕಿತ್ತುಕೊಂಡು ಕೆಂಪು ಪಂಜರದ ಮೇಲೆ ಎಸೆದಳು, ಪಂಜರವನ್ನು ತಬ್ಬಿ ಅಡುಗೆಮನೆಯೊಳಕ್ಕೆ ಒಯ್ದಳು. ಕತ್ತಲಾದೊಡನೆ ಲಹರ್ ಸುಮ್ಮನಾದ. ಹೊರಗಿನ ಗಂಡು ಬಾವಿಯ ಕಟ್ಟೆಯ ಮೇಲೆ ಹೋಗಿ ಬಿದ್ದಂತೆ ಕೂತಿತು, ಒಂದು ರೆಕ್ಕೆ ಜೋಲುತ್ತಿತ್ತು.

ತರ್ಮುಜಿ ಹಕ್ಕಿಯನ್ನು ನೋಡಿದ, ತಂತಿಯ ಮೇಲಿನ ಹೆಣ್ಣನ್ನು ನೋಡಿದ, ಆಮೇಲೆ ಅವನ ಕಣ್ಣು ತಾನಾಗಿ ತೆಂಗಿನ ಮೋಟಿಗೆ ಹೋಯಿತು. ಪೊಟರೆಯ ಕೆಳಗೆ ಬಿಳಿ ಹಿಕ್ಕೆಯ ಗೀಟು.

"ಗೂಡು," ಅಂದ. ದೇವರನ್ನು ಕಂಡವನ ಹಾಗೆ ದನಿ ತಗ್ಗಿತ್ತು. "ಬುಲಿಕ್, ಕಾಡು ಕಚೆರ್ ಗೂಡು! ಆ ತಂದೆ ಗಂಟಲು ಮಕ್ಕಳಿಗೆ ಬಂದಿರುತ್ತೆ. ಒಂದು ಏಣಿ, ಒಂದು ಬುಟ್ಟಿ... ಇದ್ದಿದ್ರಲ್ಲಿ ಅರ್ಧ ನಿಮ್ಗೆ, ಅರ್ಧ ನಂಗೆ."

"ನಂಗೆ ಅರ್ಧ ಬೇಡ. ನಿಂಗೂ ಕೊಡಲ್ಲ. ಇನ್ನು ಮೂರು ದಿನ ಬಿಡು ಮುಜಿ, ಹಾರಿಹೋಗ್ತವೆ."

"ಹಾರಿಹೋದ್ರೆ ಆ ಬೀದಿ ಕಡೆಯೋರು ಅಂಟುಕಡ್ಡಿ ಹಿಡ್ಕೊಂಡು ನಿಂತಿರ್ತಾರೆ. ಅವರ ಪಾಲಾಗೋದಕ್ಕಿಂತ ನನ್ನ ಹತ್ರ ಇರ್ಲಿ, ರಾಜನ ಥರ ಸಾಕ್ತೀನಿ," ಎಂದವನೇ ಏಣಿ ತರಲು ಬೇಲಿ ಹಾರಿ ಹೋದ. ಸುಳ್ಳೂ ಅಲ್ಲ ಅವನ ಮಾತು.

ಅವನು ಏಣಿಯೊಂದಿಗೆ ಮರಳಿದಾಗ ಹಿಂದೆಯೇ ಹೆಂಡತಿ ವೆನಿಂಗ್ ಬಂದಳು. ಏಳು ತಿಂಗಳ ಬಸುರಿ, ಸೊಂಟಕ್ಕೆ ಕೈಕೊಟ್ಟುಕೊಂಡು ನಡೆಯುವ ಹುಡುಗಿ. ಹೋದ ವರ್ಷದ ಮೊದಲ ಮಗು ಹುಟ್ಟುವಾಗಲೇ ಉಸಿರಾಡಿರಲಿಲ್ಲ. ಅದರ ಪುಟ್ಟ ಗೋರಿಗೆ ಅವಳು ಈಗಲೂ ಪ್ರತಿ ಶುಕ್ರವಾರ ಹೂ ಉದುರಿಸಿ ಬರುತ್ತಾಳೆ.

"ಏನು ಗಲಾಟೆ ಮಾಸ್ ಇದು?" ಅಂದಳು. ಗಂಡನನ್ನು ಅವಳು ಮಾಸ್ ಎಂದೇ ಕರೆಯುವುದು.

"ಗೂಡು ಸಿಕ್ಕಿದೆ ಕಣೇ, ಗೂಡು!"

ವೆನಿಂಗ್ ಕೈ ಹೊಟ್ಟೆಗೆ ಹೋಯಿತು. ತರ್ಮುಜಿಯೂ ಅದನ್ನು ನೋಡಿದ. ಏಣಿಯನ್ನು ಮೋಟಿಗೆ ಒರಗಿಸಿದವನು ಮೂರು ಮೆಟ್ಟಿಲು ಹತ್ತಿ ಅಲ್ಲೇ ನಿಂತ.

ಹೆಂಡತಿ ಬಸುರಿಯಾಗಿದ್ದಾಗ ಗಂಡ ಪ್ರಾಣಿ ಪಕ್ಷಿಗೆ ನೋವು ಮಾಡಬಾರದು. ಮಾಡಿದರೆ ಅದು ಹೊಟ್ಟೆಯ ಕೂಸಿಗೆ ತಟ್ಟುತ್ತದೆ. ಊರಿಗೇ ಗೊತ್ತಿರುವ ಮಾತು. ತರ್ಮುಜಿ ಏಳು ತಿಂಗಳಿಂದ ಕೋಳಿ ಕುಯ್ಯಲೂ ಎದುರು ಮನೆಯವನನ್ನು ಕರೆಯುತ್ತಿದ್ದ.

"ಬುಲಿಕ್," ಎಂದ ಏಣಿಯ ಮೇಲಿಂದ. "ನೀವು ದೊಡ್ಡೋರು, ಹೇಳಿ. ಇದು ಕೊಲ್ಲೋದಲ್ಲ ತಾನೇ? ಬರೀ ಎತ್ಕೊಳ್ಳೋದು. ಸಾಕೋದು. ಕೂಸಿಗೆ ಏನೂ ಆಗಲ್ಲ ತಾನೇ?"

ವೆನಿಂಗ್ ಕೂಡ ವರ್ಸಿತಿಯ ಮುಖವನ್ನೇ ನೋಡಿದಳು. ಆ ಕಣ್ಣುಗಳಲ್ಲಿದ್ದ ಭಯ ನೋಡಲಾಗುತ್ತಿರಲಿಲ್ಲ.

ಒಂದೇ ಒಂದು ಮಾತು ಸಾಕಿತ್ತು. 'ಆಗುತ್ತೆ' ಅಂದುಬಿಟ್ಟರೆ ತರ್ಮುಜಿ ಏಣಿಯಿಂದ ಜಾರಿ ಇಳಿಯುತ್ತಿದ್ದ, ಈ ಹಿತ್ತಿಲ ಕಡೆ ತಲೆಹಾಕಿ ಮಲಗುತ್ತಿರಲಿಲ್ಲ. ಮರಿಗಳು ಉಳಿಯುತ್ತಿದ್ದವು. ಮಾತು ವರ್ಸಿತಿಯ ನಾಲಿಗೆಯ ತುದಿಗೆ ಬಂದೂ ಇತ್ತು.

ಆದರೆ ಅಂಥ ಒಂದು ಮಾತು ಹೆಣ್ಣಿನ ಹೊಟ್ಟೆಗೆ ಹೊಕ್ಕರೆ ಏನು ಮಾಡುತ್ತದೆ ಎಂದು ಅವಳಷ್ಟು ಬಲ್ಲವರು ಈ ಊರಿನಲ್ಲಿ ಇರಲಿಲ್ಲ. ಮದುವೆಯಾಗಿ ನಾಲ್ಕು ವರ್ಷ ಬಸಿರು ನಿಲ್ಲದಿದ್ದಾಗ ಅತ್ತೆ ಬಾವಿಕಟ್ಟೆಯಲ್ಲಿ ಹತ್ತು ಹೆಂಗಸರ ಮುಂದೆ ಹೇಳಿದ್ದಳು: "ಗೂಡು ಬರಿದು ಮಾಡಿದವಳ ತೊಟ್ಟಿಲು ತುಂಬುತ್ತಾ?" ಪರ್ಡಿ ಒಂದು ದಿನವೂ ಆ ಮಾತೆತ್ತಲಿಲ್ಲ. ಬೇಕಾಗಿಯೂ ಇರಲಿಲ್ಲ. ವರ್ಸಿತಿಯೇ ದಿನಕ್ಕೆ ನೂರು ಸಲ ತನಗೆ ತಾನೇ ಅದನ್ನು ಹೇಳಿಕೊಂಡಳು. ಮುಟ್ಟಾದ ಪ್ರತಿ ತಿಂಗಳೂ ಹೇಳಿಕೊಂಡಳು. ಮುಟ್ಟು ನಿಂತ ಮೇಲೂ ಹೇಳಿಕೊಂಡಳು. ಈಗ ಇದೇ ಕೊಳ್ಳಿಯನ್ನು ಈ ಹುಡುಗಿಯ ಒಡಲಿಗೆ ಇಡುವುದೇ? ನಾಳೆ ಹೆಚ್ಚುಕಡಿಮೆಯಾದರೆ? ಹೋದ ವರ್ಷದ ಕೂಸಿಗೂ ಇವಳು ಇಂಥದ್ದೇ ಕಾರಣ ಹುಡುಕಿಕೊಂಡು ಕೂತರೆ?

ಪೊಟರೆಯೊಳಗಿಂದ ಒಂದು ಮರಿ ಸಣ್ಣಗೆ ಕೂಗಿತು. ಹೊಟ್ಟೆಗಿಲ್ಲದೆ ಗಂಟೆಯಾಗಿತ್ತು ಅವಕ್ಕೆ.

"ಏನೂ ಆಗಲ್ಲ," ಅಂದಳು ವರ್ಸಿತಿ. ತರ್ಮುಜಿಗೆ ಹೇಳಲಿಲ್ಲ, ವೆನಿಂಗ್ ಕಡೆ ತಿರುಗಿ ಹೇಳಿದಳು. "ನಿನ್ನ ಕೂಸಿಗೆ ಏನೂ ಆಗಲ್ಲ ನ್ದುಕ್, ನನ್ನ ಮಗಳೇ. ಇವನು ಮರಿ ತೆಗೆದ್ರೂ ಆಗಲ್ಲ, ಬಿಟ್ರೂ ಆಗಲ್ಲ. ಹೋದ ವರ್ಷದ್ದೂ ಯಾರ ತಪ್ಪೂ ಅಲ್ಲ."

ತರ್ಮುಜಿ ಇನ್ನೂ ಹತ್ತಲಿಲ್ಲ. "ಅಲ್ಲ ಬುಲಿಕ್, ನಮ್ಮಮ್ಮ ನಿಮ್ಮ ವಿಷಯಕ್ಕೆ ಒಂದು ಮಾತು ಹೇಳ್ತಿದ್ಲು. ಚಿಕ್ಕವರಿದ್ದಾಗ ನೀವು ಗೂಡಿಗೆ ಕೈ ಹಾಕಿದ್ದಕ್ಕೇ ಅಂತ... ಅದು?"

"ಮಾಸ್!" ಎಂದು ಗದರಿದಳು ವೆನಿಂಗ್.

ಅತ್ತೆಯ ನಂತರ ಇಷ್ಟು ವರ್ಷದಲ್ಲಿ ಯಾರೂ ವರ್ಸಿತಿಯ ಮುಖಕ್ಕೆ ಹೊಡೆದಂತೆ ಇದನ್ನು ಕೇಳಿರಲಿಲ್ಲ. ಹುಡುಗಿ ಇವಳನ್ನೇ ನೋಡುತ್ತಿದ್ದಳು. ಇಲ್ಲಿ ತಡವರಿಸಿದರೆ ಮೊದಲು ಹೇಳಿದ್ದೆಲ್ಲ ನೀರಪಾಲು.

"ಸುಳ್ಳು," ಅಂದಳು. "ಆಗ ನಂಗೆ ಏಳು ವರ್ಷ. ಅಪ್ಪ ಹೇಳಿದ್ದು ಮಾಡಿದೆ. ಅದಕ್ಕೂ ನನ್ನ ಹೊಟ್ಟೆಗೂ ಸಂಬಂಧ ಇಲ್ಲ. ಶುದ್ಧ ಸುಳ್ಳು." ಆಮೇಲೆ ಅವನತ್ತ ತಿರುಗಿದಳು. "ಹೆದರಿಸಿ ನಿನ್ನ ಇಳಿಸಲ್ಲ ಮುಜಿ. ಕೇಳ್ಕೋತೀನಿ, ಅಷ್ಟೇ. ನೀನು ತಗೊಂಡು ಹೋದ್ಮೇಲೂ ಆ ತಾಯಿ ಬರುತ್ತೆ, ಮೂರು ದಿನ ಹುಳ ತಂದು ತಂದು ಒಳಗೆ ನೋಡುತ್ತೆ. ನಾನು ನೋಡಿದೀನಿ. ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ."

ತರ್ಮುಜಿ ಮುಖ ಮೇಲೆತ್ತಿ ಪೊಟರೆ ನೋಡಿದ. ಎರಡು ಮೆಟ್ಟಿಲು ಹತ್ತಿದರೆ ಕೈಗೆ ಸಿಗುತ್ತಿತ್ತು. ಭಯ ಹೋಗಿತ್ತು, ಆಸೆ ಹೋಗಿರಲಿಲ್ಲ. ಒಂದು ಮೆಟ್ಟಿಲು ಹತ್ತಿದ.

"ಇಳೀರಿ," ಅಂದಳು ವೆನಿಂಗ್.

"ಬುಲಿಕ್ಕೇ ಹೇಳಿದ್ರಲ್ಲ ಏನೂ ಆಗಲ್ಲ ಅಂತ!"

"ಕೇಳಿಸ್ತು. ಆಗಲ್ಲ ಅಂದ್ಮೇಲೂ ಹೇಳ್ತಿದೀನಿ, ಇಳೀರಿ. ಆ ಮರಿಗಳಿಗೆ ಗಂಟೆಗೊಂದ್ಸಲ ಚಗಳಿ ಮೊಟ್ಟೆ ತಿನ್ನಿಸೋರು ಯಾರು? ನೀವು ಗ್ಯಾರೇಜಲ್ಲಿ ಕೂರ್ತೀರ. ನಾನು ತಿನ್ನಿಸ್ಬೇಕು. ಎರಡು ತಿಂಗಳಿಗೆ ನಂದೇ ಒಂದು ಬಾಯಿ ಬರುತ್ತೆ ಮಾಸ್. ಆಮೇಲೆ ನನ್ನ ಕೂಸನ್ನ ಎತ್ಕೊಳ್ಳೋವಾಗೆಲ್ಲ ಬುಲಿಕ್ ಮುಖ ನೆನಪಾಗೋದು ನಂಗೆ ಬೇಡ."

ಅವನು ಏನೋ ಗೊಣಗುತ್ತ ಇಳಿದ. "ನಾಲ್ಕಾದ್ರೂ ಇರ್ತಿತ್ತು," ಎಂದದ್ದು ಮಾತ್ರ ಕೇಳಿಸಿತು.

ಮೂವರೂ ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಸೇರಿ ತಟ್ಟಿಯ ಹಿಂದೆ ಕೂತರು. ಗಂಡುಹಕ್ಕಿ ಕಟ್ಟೆಯಿಂದ ಎದ್ದು ಬೇಲಿಯ ಮೇಲೆ ಹೋಗಿ ಕೂತಿತು, ರೆಕ್ಕೆ ಮುರಿದಿರಲಿಲ್ಲ ಸದ್ಯ. ಹೆಣ್ಣು ಎಲ್ಲೂ ಕಾಣಲಿಲ್ಲ. ಪೊಟರೆಯ ದನಿ ಒಂದು ಸಲ ಬಂತು, ಇನ್ನೊಂದು ಸಲ ಬಂತು, ಆಮೇಲೆ ಬರಲಿಲ್ಲ.

"ಅಯ್ಯೋ," ಎಂದು ಪಿಸುಗುಟ್ಟಿದ ತರ್ಮುಜಿ. "ಏಣಿ!"

ಏಣಿ ಮೋಟಿಗೆ ಒರಗಿಕೊಂಡೇ ಇತ್ತು, ಅದರ ತುದಿ ಪೊಟರೆಯ ಬಾಯಿಗೆ ಒಂದು ಗೇಣು ದೂರ. ತರಲು ಹೋದರೆ ಹಕ್ಕಿ ಮತ್ತೆ ಬೆದರುತ್ತದೆ, ಬಿಟ್ಟರೆ ಅದನ್ನು ನೋಡಿ ಬರುವುದೇ ಇಲ್ಲ. ಹಕ್ಕಿಗಳ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ತರ್ಮುಜಿ ತಲೆಯ ಮೇಲೆ ಕೈ ಹೊತ್ತು ಕೂತ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಯಿತು. ಯಾರೂ ಅಲುಗಾಡಲಿಲ್ಲ. ವೆನಿಂಗ್‌ಗೆ ಕಾಲು ಜೋಮು ಹಿಡಿದಿತ್ತು, ಆದರೂ ಎದ್ದಳಲ್ಲ. ವರ್ಸಿತಿ ಉಸಿರು ಎಣಿಸುತ್ತಿದ್ದಳು. ನಾನೂರರ ನಂತರ ಲೆಕ್ಕ ತಪ್ಪಿತು.

ತಂತಿ ಅಲುಗಿತು. ತಾಯಿಹಕ್ಕಿ, ಕೊಕ್ಕಿನ ತುಂಬ ಹಸಿರು ಮಿಡತೆ. ಏಣಿಯನ್ನು ನೋಡಿತು. ಕತ್ತು ಹೊರಳಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಹಾರಿ ದೂರ ಹೋಯಿತು, ಮತ್ತೆ ಬಂತು. ಬೇಲಿಯ ಮೇಲಿನ ಗಂಡು ಏನೋ ಒಂದು ಮಾತು ಹೇಳಿದ ಹಾಗೆ ಚಿಟಿಕೆ ದನಿ ಮಾಡಿತು. ಹೆಣ್ಣು ನೇರ ಬಂದು ಏಣಿಯ ಕೊನೆಯ ಮೆಟ್ಟಿಲ ಮೇಲೆಯೇ ಇಳಿಯಿತು, ಅದನ್ನು ಇವತ್ತೇ ತನಗಾಗಿ ಮಾಡಿಸಿಟ್ಟಿದ್ದಾರೆಂಬಂತೆ ಬಾಲ ಎತ್ತಿ ಕುಣಿಸಿತು, ಪೊಟರೆಯೊಳಕ್ಕೆ ತಲೆ ಹಾಕಿತು. ಒಳಗೆ ಹಸಿದ ಬಾಯಿಗಳೆಲ್ಲ ಒಟ್ಟಿಗೆ ಕೂಗಿದವು.

ವೆನಿಂಗ್ ಹತ್ತಿರ ಸರಿದು ವರ್ಸಿತಿಯ ಕಿವಿಯಲ್ಲಿ ಕೇಳಿದಳು: "ಬುಲಿಕ್, ಯಾರ ತಪ್ಪೂ ಅಲ್ಲ ಅಂದ್ರಲ್ಲ, ಅದು ನಿಜಾನಾ? ಇಲ್ಲ ನನ್ನ ಸಮಾಧಾನಕ್ಕೆ ಅಂದ್ರಾ?"

"ನಿಜ ಕಣೇ," ಎಂದಳು ವರ್ಸಿತಿ.

ಹೇಳಿದ ಮೇಲೆ ಆ ಮಾತು ಅವಳ ಕಿವಿಗೂ ಬಿತ್ತು. ಹುಡುಗಿಗೋಸ್ಕರ ಎಂದು ಆಡಿದ್ದು, ಯಾರೋ ಹಿರಿಯರು ಬಂದು ತನಗೇ ಹೇಳಿದ ಹಾಗಿತ್ತು. ನಿಜ. ಏಳು ವರ್ಷದ ಕೂಸು ಅದು, ಅಪ್ಪನ ಹೆಗಲ ಮೇಲೆ ನಿಂತಿತ್ತು, ಅದರದೇನು ತಪ್ಪು? ಇಷ್ಟು ವರ್ಷ ಇದನ್ನು ತನಗೆ ಒಬ್ಬರೂ ಹೇಳಲಿಲ್ಲವಲ್ಲ ಎಂಬ ದುಃಖ ಹೊಟ್ಟೆಯಿಂದ ಎದ್ದುಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ಬಿಕ್ಕಳಿಕೆ ತಡೆಯಲಾಗಲಿಲ್ಲ.

"ಶ್!" ಎಂದ ತರ್ಮುಜಿ, ಕಣ್ಣು ಸಂದಿಯಿಂದ ಕೀಳದೆ. "ಮೆಲ್ಲಗೆ ಅಳಿ ಬುಲಿಕ್, ಹಕ್ಕಿ ಹೆದರ್ಕೊಳ್ಳುತ್ತೆ."